ನೊಣದ ಚಾರ್ಟು

ಬಿ.ಎಡ್‌ನಲ್ಲಿ ಚಾರ್ಟಿಗೇ ಬೇರೆ ಅಂಕ ಇದೆ. ಅದಕ್ಕೇ ಸಂಜೆ ಕೂತು ಬರೀತಿದ್ದೆ: ಒಂದು ತಳ್ಳುಗಾಡಿ, ಅದರ ಮೇಲೆ ತಿಂಡಿ, ಸುತ್ತ ನೊಣ. ಐದನೇ ಕ್ಲಾಸಿನ ಪಾಠ, 'ಬೀದಿ ಬದಿ ತಿಂಡಿ ತಿನ್ನಬಾರದು'. ಪಕ್ಕದಲ್ಲೇ ಅಮ್ಮ ನಾಳೆಗೆ ಇಡ್ಲಿ ಹಿಟ್ಟು ರುಬ್ಬುತ್ತಿದ್ದಳು.

"ಥೇಟ್ ನಮ್ ಗಾಡಿ ಕಣೇ ಇಂದ್ರಾಣಿ," ಅಂದಳು ಖುಷಿಯಾಗಿ. ಆಮೇಲೆ ಬಗ್ಗಿ, "ಈ ಚುಕ್ಕಿ ಏನು, ಸಾಸಿವೆಯಾ?"

"ನೊಣ."

ಗ್ರೈಂಡರ್ ಆಫ್ ಮಾಡಿದಳು. "ಮಾರ್ಕ್ಸ್ ಕೊಡ್ತಾರಾ ಇದಕ್ಕೆ?"

"ಕೊಡ್ತಾರೆ."

"ಹಂಗಾದ್ರೆ ಇನ್ನೊಂದೆರಡು ಹಾಕು."

ಆ ಮಾತಿಗೆ ನನಗೆ ಬಂದ ಸಿಟ್ಟು! ಬಿಟಿಎಂ ಲೇಔಟಿನ ಪಿಜಿಗಳ ಮುಂದೆ ಹದಿನೆಂಟು ವರ್ಷ ಗಾಡಿ ಹಾಕಿದವಳು. ಮೊದಲ ಒಬ್ಬೆಯಲ್ಲಿ ಒಂದು ಇಡ್ಲಿಯನ್ನು ಗಿರಾಕಿಗಳ ಎದುರೇ ಮುರಿದು ತಾನು ತಿಂದು, ಆಮೇಲೇ ಬೇರೆಯವರ ತಟ್ಟೆಗೆ ಹಾಕುವವಳು. ಇದೇ ಪಾಠ ನಾನೂ ಓದಿದ್ದೆ. ಟೀಚರ್ ನನ್ನನ್ನೇ ಎಬ್ಬಿಸಿ ಆ ಸಾಲನ್ನು ಮೂರು ಸಲ ಹೇಳಿಸಿದ್ದರು. ಅವತ್ತಿನಿಂದ ಒಂದು ವರ್ಷ ಅಮ್ಮನ ಇಡ್ಲಿ ಮುಟ್ಟಲಿಲ್ಲ. ಸ್ಕೂಲ್ ಹತ್ರ ಬರಬೇಡ ಅಂದೆ. ಯಾಕೆ ಅಂತ ಅವಳು ಕೇಳಲೂ ಇಲ್ಲ.

ಬೆಳಿಗ್ಗೆ ತಿಲಕ್ ನಗರದ ಸ್ಕೂಲು. ಹಿಂದಿನ ಬೆಂಚಲ್ಲಿ ನಮ್ಮ ಕಾಲೇಜಿನ ಏಕಾಂತಯ್ಯ ಸಾರ್, ಅಂಕ ಹಾಕಲು. ಎರಡು ಸೆಕ್ಷನ್‌ಗೂ ಇದೇ ಪಾಠ ಮಾಡಬೇಕು. ಅವರು ಸಹಿ ಹಾಕದಿದ್ದರೆ ಈ ವರ್ಷ ನಾನು ಪಾಸಿಲ್ಲ.

ಪಾಠದ ಪ್ಲಾನಲ್ಲಿ ಬರೆದುಕೊಂಡಂತೆ ಚಾರ್ಟ್ ತೂಗುಹಾಕಿದೆ. "ಎಲ್ಲರೂ ಹೇಳಿ, ಬೀದಿ ಬದಿ ತಿಂಡಿ..." ಕ್ಲಾಸಿಗೆ ಕ್ಲಾಸೇ ಕೂಗಿತು.

"ಮಿಸ್, ಮಧುಶ್ರೀ ಹೇಳ್ತಿಲ್ಲ! ಅವಳಪ್ಪಂದು ಪಾನಿಪುರಿ ಗಾಡಿ!"

ಎಲ್ಲಾ ಕಿಸಕ್ ಅಂದವು. ಒಬ್ಬ ಅವಳ ತಲೆ ಮೇಲೆ ಕೈ ಬೀಸಿ ಇಲ್ಲದ ನೊಣ ಓಡಿಸಿದ. ಆ ಹುಡುಗಿ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಚಾರ್ಟ್ ಕಿತ್ತೆ. "ಯಾರೂ ಹೇಳಬೇಡಿ. ತಿಂಡಿ ಕ್ಲೀನಾಗಿದೆ ಅಂತ ಹೇಗೆ ಗೊತ್ತಾಗುತ್ತೆ? ಅದು ಹೇಳಿ."

"ಬಿಸಿ ಇರಬೇಕು ಮಿಸ್!"

"ಮುಚ್ಚಿಟ್ಟಿರಬೇಕು!"

ಕೊನೆಗೆ ಮಧುಶ್ರೀ ಎದ್ದಳು. "ಹೋಟೆಲ್ ಅಡುಗೆಮನೆ ಯಾರಿಗೂ ಕಾಣಲ್ಲ ಮಿಸ್. ನಮ್ಮಪ್ಪನ ಗಾಡಿ ಎಲ್ರಿಗೂ ಕಾಣುತ್ತೆ."

ಬೆಲ್ಲಾಯಿತು. ಸಾರ್ ನನ್ನನ್ನು ಕಾರಿಡಾರಿಗೆ ಕರೆದರು.

"ಏನಮ್ಮಾ ಇದು? ಪ್ಲಾನಲ್ಲಿ ಇದೆಲ್ಲಿದೆ?"

"ಪ್ಲಾನೇ ಸರಿ ಇಲ್ಲ ಸಾರ್. ನಮ್ಮಮ್ಮಂದೂ ಇಡ್ಲಿ ಗಾಡಿನೇ."

"ನಿನ್ನ ಮನೆ ಕಥೆ ಪಾಠಕ್ಕೆ ತರಬಾರದು."

"ಪುಸ್ತಕ ಬರೆದವರು ಅವರ ಮನೆ ಕಥೇನೇ ತಂದಿದ್ದಾರಲ್ಲ ಸಾರ್! ಅವರಿಗೆ ಬೆಳಿಗ್ಗೆ ಮನೇಲೇ ಯಾರೋ ಬಿಸಿಬಿಸಿ ತಿಂಡಿ ಮಾಡಿಕೊಟ್ರು. ಅವರ ಮನೆಯದ್ದು ಸಿಲಬಸ್ಸು, ನಮ್ಮನೆಯದ್ದು ನೊಣ!"

ಸಾರ್ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಬಿ ಸೆಕ್ಷನ್‌ನಲ್ಲಿ ಚಾರ್ಟ್ ಹಾಕು, ಸಾಲು ಹೇಳಿಸು. ಇದನ್ನ ನಾನು ನೋಡೇ ಇಲ್ಲ ಅಂದ್ಕೋತೀನಿ. ಕೆಲಸ ಸಿಕ್ಕ ಮೇಲೆ ಹೆಂಗಾದ್ರೂ ಪಾಠ ಮಾಡ್ಕೋ."

"ಅಷ್ಟರೊಳಗೆ ಎಷ್ಟು ಮಕ್ಕಳ ಕೈಲಿ ಹೇಳಿಸಿರ್ತೀನಿ ಸಾರ್?"

"ಹಾಗಾದ್ರೆ ಸಹಿ ಇಲ್ಲ." ಪೆನ್ ಜೇಬಿಗೆ ಹೋಯಿತು.

ಚಾರ್ಟನ್ನು ಹರಿದು ಕಸದ ಬುಟ್ಟಿಗೆ ತುರುಕಿ ಬಿ ಸೆಕ್ಷನ್‌ಗೆ ನಡೆದೆ. ಸಾರ್ ಬಂದು ಹಿಂದೆ ಕೂತರು, ಕೈಕಟ್ಟಿಕೊಂಡು.

"ಬೆಳಿಗ್ಗೆ ಏನು ತಿಂದ್ರಿ, ಎಲ್ಲಿ ತಿಂದ್ರಿ? ಒಬ್ಬೊಬ್ಬರೇ ಹೇಳಿ," ಅಂದೆ. "ಯಾರಾದ್ರೂ ನಕ್ಕರೆ ನೋಡಿ ಮತ್ತೆ."