ಮೆಲೆರಿ ಟೋಪಿ ಬದಲಿಸುವಷ್ಟರಲ್ಲಿ

ಎಲ್ಲಿಂದ ಹಿಡಿಯಲಿ ಇದನ್ನು? ಮೊದಲ ವಾಕ್ಯವನ್ನು ಬರೆದು ಬರೆದು ಹೊಡೆದುಹಾಕಿ ಕೈ ಸೋತಿದೆ. "ಮೆಲೆರಿ ಪ್ರೋಸರ್ ವೇಲ್ಸಿನ ಅಬರ್‌ಗೆಲ್ಲಿಯಲ್ಲಿ ಹುಟ್ಟಿದಳು" ಅಂತ ಶುರುಮಾಡಿದರೆ ಶ್ರದ್ಧಾಂಜಲಿ ಸಭೆಯ ವಾಸನೆ ಬರುತ್ತದೆ. ಅವಳೋ ಇವತ್ತು ಬೆಳಿಗ್ಗೆ ಕೂಡ ಬೇಕರಿಯ ಸಾಲಿನಲ್ಲಿ ನನ್ನ ಮುಂದೆ ನಿಂತು ಹವಾಮಾನವನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. "ಸುರಂಗದ ತುಂಬ ಕೆಸರಿನ ವಾಸನೆ" ಅಂತ ಶುರುಮಾಡಿದರೆ ಗತ್ತಾಗಿರುತ್ತದೆ, ಆದರೆ ನೀವು ಯಾವ ಸುರಂಗ, ಕಲ್ಲಿದ್ದಲ ಗಣಿಯದೋ ಎಂದು ಕೇಳುತ್ತೀರಿ. (ಗಣಿ ಮುಚ್ಚಿ ಯಾವ ಕಾಲವಾಯಿತು! ಇದು ರಗ್ಬಿ ಮೈದಾನದ ಸುರಂಗ. ಆಟಗಾರರು ಡ್ರೆಸಿಂಗ್ ರೂಮಿಗೆ ಹೋಗಿಬರುವ ಓಣಿ.)

ಇರಲಿ ಬಿಡಿ. ಹೇಗೋ ಶುರುವಾಯಿತಲ್ಲ.

೧

ಮೆಲೆರಿ ಟೀವಿಯಲ್ಲಿ ಆಟದ ಸುದ್ದಿ ಹೇಳುವವಳು. ಎರಡು ಚಾನೆಲ್ಲು, ಎರಡು ಭಾಷೆ: ಒಂದಕ್ಕೆ ವೇಲ್ಸಿನ ಸ್ವಂತ ಭಾಷೆ ವೆಲ್ಷ್, ಇನ್ನೊಂದಕ್ಕೆ ಇಂಗ್ಲಿಷ್. ಮೊದಮೊದಲು ರೇಡಿಯೋದಲ್ಲಿ ಕುರಿಸಂತೆಯ ಧಾರಣೆ ಓದುತ್ತಿದ್ದಳು. ಒಂದು ಶನಿವಾರ ಸ್ಕೋರು ಓದುವವನ ಗಂಟಲು ಕಟ್ಟಿತು, ಇವಳನ್ನು ಕೂರಿಸಿದರು. ಕುರಿಯ ಧಾರಣೆಯ ಧಾಟಿಯಲ್ಲೇ ಸ್ಕೋರನ್ನೂ ಓದಿದಳು. ಊರಿಗೆ ಊರೇ ನಕ್ಕಿತು, ಕೆಲಸ ಖಾಯಂ ಆಯಿತು. ಟೀವಿಗೆ ಬಂದ ಮೇಲೆ ಇಂಗ್ಲಿಷಿನವರು ಇವಳ ಉಚ್ಚಾರ ಹಳ್ಳಿಗಮಾರು ಎಂದು ದೂರು ಬರೆದರು. ವೆಲ್ಷಿನವರು ನಡುನಡುವೆ ಇಂಗ್ಲಿಷ್ ತುರುಕುತ್ತಾಳೆ ಎಂದು ದೂರು ಬರೆದರು. ಇವಳು ಎರಡನ್ನೂ ಓದಿ ನಕ್ಕು ಕೆಲಸಕ್ಕೆ ಹೋದಳು.

(ಈ ಪ್ಯಾರಾ ನೌಕರಿಯ ಅರ್ಜಿಯ ಹಾಗಿದೆ. ನನಗೂ ಗೊತ್ತು. ಆದರೆ ಇಷ್ಟು ತಿಳಿಯದೆ ಮುಂದಿನದು ನಿಮಗೆ ತಲೆಗೆ ಹತ್ತುವುದಿಲ್ಲ, ಸ್ವಲ್ಪ ಸೈರಿಸಿಕೊಳ್ಳಿ.)

೨

ಅವಳ ಕೆಲಸದ ರೀತಿ ಹೀಗೆ. ಅರ್ಧವಿರಾಮದಲ್ಲಿ ಒಬ್ಬ ಆಟಗಾರನನ್ನು ಸುರಂಗದಲ್ಲಿ ನಿಲ್ಲಿಸಿಕೊಳ್ಳುತ್ತಾಳೆ. ಒಂದೇ ಕ್ಯಾಮೆರಾ, ಒಂದೇ ಮೈಕು. ಮೈಕಿಗೆ ಸ್ಪಂಜಿನ ಕೆಂಪು ಟೋಪಿ ಹಾಕಿದರೆ ವೆಲ್ಷ್ ಚಾನೆಲ್ಲು. ಪ್ರಶ್ನೋತ್ತರ ಮುಗಿಯುತ್ತಲೇ ಕೆಂಪನ್ನು ಕಿತ್ತು ನೀಲಿ ಹಾಕುತ್ತಾಳೆ. ಅದೇ ಪ್ರಶ್ನೆ, ಅದೇ ಉತ್ತರ, ಇಂಗ್ಲಿಷಿನಲ್ಲಿ. ನಡುವೆ ಟೋಪಿ ಬದಲಿಸುವಷ್ಟು ಹೊತ್ತು ಕ್ಯಾಮೆರಾ ಕಣ್ಣುಮುಚ್ಚಿರುತ್ತದೆ, ಮೈಕು ಕಿವುಡಾಗಿರುತ್ತದೆ.

ಆಟಗಾರರು ನಿಜ ಹೇಳುತ್ತಿದ್ದುದು ಆಗಲೇ. ಕೋಚು ನ್ಯೂಜಿಲೆಂಡಿನವನು, ಡಾಕ್ಟರು ಇಂಗ್ಲೆಂಡಿನವರು, ಪಕ್ಕದಲ್ಲೇ ನಿಂತಿದ್ದರೂ ವೆಲ್ಷ್ ಒಂದಕ್ಷರ ತಿಳಿಯದು. "ಮೊಣಕಾಲು ಹೋಯ್ತು ಮೆಲೆರಿ, ಯಾರಿಗೂ ಹೇಳ್ಬೇಡ." "ಹೆಂಡ್ತಿ ತೌರಿಗೆ ಹೋಗಿಬಿಟ್ಳು ಮೆಲೆರಿ." ಟೋಪಿ ಬದಲಿಸುವಾಗ ಆಡಿದ ಮಾತನ್ನು ಅವಳು ಇಂಗ್ಲಿಷಿನ ಕಡೆಗೆ ದಾಟಿಸುತ್ತಿರಲಿಲ್ಲ. ವೆಲ್ಷ್ ಪ್ರಸಾರಕ್ಕೂ ಕೊಡುತ್ತಿರಲಿಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಬೇರೆ ವರದಿಗಾರರ ಮುಂದೆ ಕಲ್ಲಿನಂತೆ ನಿಲ್ಲುವವರು ಇವಳನ್ನು ಕಂಡರೆ ತಾವಾಗಿ ಬರುತ್ತಿದ್ದುದು ಅದಕ್ಕೇ. ಅವಳ ಇಡೀ ವೃತ್ತಿ ನಿಂತಿದ್ದು ಆ ನಂಬಿಕೆಯ ಮೇಲೆ.

೩

ಆವತ್ತು ಸೆಮಿಫೈನಲ್. ಎದುರಿಗೆ ನಗರದ ತಂಡ. ಸ್ಟ್ಯಾಂಡಿನಲ್ಲಿ ದೇಶದ ತಂಡವನ್ನು ಆಯ್ಕೆ ಮಾಡುವವನು ಬಂದು ಕೂತಿದ್ದ, ಅವನು ನೋಡಲು ಬಂದದ್ದು ನಮ್ಮ ಏಳನೇ ನಂಬರಿನ ಹುಡುಗ ಮೈರಿಗ್‌ನನ್ನು. ಮೆಲೆರಿಯ ಗೆಳತಿ ಐರ್ವೆನ್‌ಳ ಮಗ. ಮೆಲೆರಿ ಎತ್ತಿ ಆಡಿಸಿದವನು, ಅವಳನ್ನು ಈಗಲೂ "ಆಂಟಿ ಮೆಲ್" ಎನ್ನುತ್ತಾನೆ. ಡ್ರೆಸಿಂಗ್ ರೂಮಿನಲ್ಲಿ ಅವನಷ್ಟು ತಮಾಷೆ ಮಾಡುವವನು ಬೇರೆ ಇಲ್ಲ. ಸಾವಿನ ಬಗ್ಗೆಯೂ ಜೋಕು ಹೊಡೆಯುತ್ತಾನೆ. (ಇದನ್ನು ದಯವಿಟ್ಟು ನೆನಪಿಡಿ, ಮೆಲೆರಿಯ ಪರವಾಗಿ ಕೇಳಿಕೊಳ್ಳುತ್ತಿದ್ದೇನೆ.)

ಅರ್ಧವಿರಾಮ. ಮೈರಿಗ್ ಬಂದು ನಿಂತ. ಕೆಂಪು ಟೋಪಿ. ಉತ್ತರ ಸರಾಗ: "ಎದುರಾಳಿಗಳು ಒಳ್ಳೆ ತಂಡ, ಗೌರವ ಕೊಡಲೇಬೇಕು. ನಮ್ಮ ಹುಡುಗರು ಒಗ್ಗಟ್ಟಾಗಿದ್ದಾರೆ. ಬೇಸಿಕ್ಸ್ ಸರಿಯಾಗಿ ಮಾಡಿದರೆ ಫಲಿತಾಂಶ ತಾನಾಗಿ ಬರುತ್ತೆ."

ಮೆಲೆರಿ ಕೆಂಪು ಟೋಪಿ ಕಿತ್ತಳು.

"ಆಂಟಿ ಮೆಲ್, ಹೊರಗೆ ಹೋದ್ರೆ ಅಪ್ಪಂಗೊಂದು ಮಾತು ಹೇಳಿಬಿಡಿ. ವ್ಯಾನಲ್ಲಿ ಕಾಯ್ತಿರ್ತಾನೆ. ನಾನು ಬರೋದು ಸ್ವಲ್ಪ ಲೇಟಾಗುತ್ತೆ ಅಂತ."

ಅವನಪ್ಪ ಇಡ್ವಲ್ ತೀರಿಕೊಂಡು ಎರಡು ವರ್ಷ. ಮಗನ ಆಟವನ್ನು ಕಣ್ಣಲ್ಲಿ ನೋಡುವ ಧೈರ್ಯವಿಲ್ಲದೆ, ಗೇಟಿನಾಚೆ ನೀಲಿ ವ್ಯಾನಿನಲ್ಲಿ ರೇಡಿಯೋ ಹಚ್ಚಿಕೊಂಡು ಕೂರುತ್ತಿದ್ದ ಮನುಷ್ಯ. ಅವನನ್ನು ಮಣ್ಣು ಮಾಡಿದ ದಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಎಲ್ಲರಿಗೂ ಚಹಾ ಬಗ್ಗಿಸಿಕೊಟ್ಟವಳು ಮೆಲೆರಿಯೇ.

"ಲೋ, ಇದೆಂಥ ಜೋಕೋ!" ಎಂದಳು.

ಅಷ್ಟರಲ್ಲಿ ಕಿವಿಯ ಇಯರ್‌ಫೋನಿನಲ್ಲಿ ಎಮ್ರಿಸ್, ಪ್ರಸಾರದ ಗಾಡಿಯಲ್ಲಿ ಕೂತ ಅವಳ ನಿರ್ಮಾಪಕ, "ನೀಲಿ ಹಾಕು ಮೆಲ್, ಲೈವ್ ಹೋಗ್ತಿದೀವಿ!" ಎಂದ. ನೀಲಿ ಟೋಪಿ. ಇಂಗ್ಲಿಷಿನಲ್ಲಿ ಮೈರಿಗ್: ಒಳ್ಳೆ ತಂಡ, ಗೌರವ, ಒಗ್ಗಟ್ಟು, ಬೇಸಿಕ್ಸ್. ಒಂದು ಮಾತೂ ತಪ್ಪಲಿಲ್ಲ. ಆಟಗಾರರ ಟೀವಿ ಉತ್ತರಗಳನ್ನು ಹೇಳುವುದಕ್ಕೆ ಎಚ್ಚರವೇ ಬೇಕಿಲ್ಲ, ನಿದ್ದೆಯಲ್ಲೂ ಬರುತ್ತವೆ. ಟೀವಿ ನೋಡುತ್ತಿದ್ದ ಯಾರಿಗೂ ಅನುಮಾನ ಬರಲಿಲ್ಲ.

ಕ್ಯಾಮೆರಾ ಆರಿದ ಮೇಲೆ ಅವನು ಗೋಡೆಗೆ ಕೈಯೂರಿ, ಸಣ್ಣ ದನಿಯಲ್ಲಿ, "ತಲೆ ಒಂಚೂರು ಗುಂಯ್ ಅಂತಿದೆ. ಎಲ್ಲ ಒಬ್ಬರ ಮೇಲೊಬ್ಬರು ರಾಶಿ ಬಿದ್ದಾಗ ಯಾರದೋ ಮೊಣಕಾಲು ತಗುಲ್ತು. ಡಾಕ್ಟ್ರಿಗೆ ಹೇಳ್ಬೇಡಿ ಆಂಟಿ. ಇವತ್ತೊಂದು ದಿನ. ಆ ಮನುಷ್ಯ ನನ್ನ ನೋಡಕ್ಕೇ ಬಂದಿದಾನೆ," ಎಂದ.

ಮೈರಿಗ್ ಒಳಗೆ ಹೋದ. ಮೆಲೆರಿ ಆರಿದ ಮೈಕು ಹಿಡಿದು ನಿಂತಳು.

೩ (ಮತ್ತೆ)

ಇಲ್ಲಿ ನಾನು ಬರೆದದ್ದು: "ವೃತ್ತಿಧರ್ಮಕ್ಕೂ ಮಮತೆಗೂ ನಡುವೆ ಅವಳ ಹೃದಯ ಹೋಳಾಯಿತು."

ಬೇಕರಿ ಸಾಲಿನಲ್ಲಿ ಇದನ್ನು ಓದಿಹೇಳಿದೆ. ಅವಳಿಗೆ ರೇಗಿಹೋಯಿತು.

"ಹೋಳೂ ಇಲ್ಲ ಗೀಳೂ ಇಲ್ಲ. ಜೋಕು ಮಾಡ್ತಿದಾನೆ ಅಂದ್ಕೊಂಡೆ, ಅಷ್ಟೇ. ಅದನ್ನ ಬರಿ."

"ಆಮೇಲೆ?"

"ಆಮೇಲೆ ಜೋಕಲ್ಲ ಅನ್ನಿಸ್ತು. ಅದುರಿದ ತಲೆಗೆ ಇನ್ನೊಂದು ಪೆಟ್ಟು ಬಿದ್ರೆ ಹುಡುಗ್ರು ಏಳಲ್ಲ, ಗೊತ್ತೇನಯ್ಯಾ ನಿನಗೆ? ನಾನು ನೋಡಿದೀನಿ. ಅದನ್ನೂ ಬರಿ."

"ಇಷ್ಟೆಲ್ಲ ಬರೆದರೆ ನಿಮ್ಮ ನಿಯಮ ಮುರಿದಂತಾಗೋದಿಲ್ವಾ? ಟೋಪಿ ಬದಲಿಸುವಾಗಿನ ಮಾತು..."

"ನೀನು ಬರೀತಿರೋದು ನಿನ್ನ ಭಾಷೇಲಿ. ಈ ಊರಲ್ಲಿ ಯಾರಿಗೆ ಓದಕ್ಕೆ ಬರುತ್ತೆ? ಯಾರಿಗೂ ಅರ್ಥವಾಗಲ್ಲ ಅಂತ ಗೊತ್ತಿದ್ದೇ ಧೈರ್ಯವಾಗಿ ಬಾಯಿ ಬಿಡ್ತಿದೀಯ. ನನಗೆ ಬುದ್ಧಿ ಹೇಳಕ್ಕೆ ಬರ್ಬೇಡ."

ಬ್ರೆಡ್ಡು ತೆಗೆದುಕೊಂಡು ಮನೆಗೆ ಬಂದೆ. (ಹೃದಯ ಹೋಳಾದ ವಾಕ್ಯವನ್ನು ತೆಗೆದಿದ್ದೇನೆ. ಮೇಲೆ ಕಾಣುವುದು ಅದರ ನೆರಳು.)

೫

ನಾಲ್ಕನೆಯದು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಮುಕ್ತಾಯಗಳಿದ್ದವು. ಬೇಕಿದ್ದರೆ ಸಂಕ್ಷೇಪವಾಗಿ ಹೇಳುತ್ತೇನೆ.

ಒಂದು: ಮೆಲೆರಿ ಸುಮ್ಮನಿರುತ್ತಾಳೆ. ಮೈರಿಗ್ ದ್ವಿತೀಯಾರ್ಧದಲ್ಲಿ ಚೆಂಡನ್ನು ಗೆರೆ ದಾಟಿಸಿ ಸ್ಕೋರು ಮಾಡುತ್ತಾನೆ, ಆಯ್ಕೆಯಾಗುತ್ತಾನೆ, ಐರ್ವೆನ್ ಆನಂದದಿಂದ ಅಳುತ್ತಾಳೆ. ಇದನ್ನು ಬರೆಯುವಾಗ ನನಗೇ ಖುಷಿಯಾಗಿತ್ತು.

ಇನ್ನೊಂದರಲ್ಲೂ ಮೆಲೆರಿ ಸುಮ್ಮನಿರುತ್ತಾಳೆ. ಮೈರಿಗ್ ಕೆಳಗೆ ಬೀಳುತ್ತಾನೆ. ಅಲ್ಲಿಂದ ಮುಂದೆ ನನಗೆ ಕೈಯೇ ಓಡಲಿಲ್ಲ.

ಮತ್ತೊಂದರಲ್ಲಿ ಕ್ಯಾಮೆರಾದ ಮುಂದೆ ನಿಂತು ಎರಡೂ ಭಾಷೆಯಲ್ಲಿ ನಿಜ ಹೇಳಿ ವೀರನಾರಿಯಾಗುತ್ತಾಳೆ, ಪ್ರಶಸ್ತಿ ಬರುತ್ತದೆ. ಮೆಲೆರಿ ಇದಕ್ಕೆ ಹೊಟ್ಟೆ ಹಿಡಿದು ನಕ್ಕಳು. "ಪ್ರಶಸ್ತಿ ಕೊಡೋರು ಯಾರಪ್ಪಾ, ನೀನಾ?"

ನಡೆದದ್ದು ಬೇರೆ. ಹೇಳುತ್ತೇನೆ, ಹತ್ತಿರ ಬನ್ನಿ.

೬

ಅವಳು ಡಾಕ್ಟರ್ ಪೆಂಬರ್ಟನ್ ಹತ್ತಿರ ಹೋದಳು. ಅವರು ಡ್ರೆಸಿಂಗ್ ರೂಮಿನ ಬಾಗಿಲಲ್ಲಿ ಯಾರದೋ ಬೆರಳಿಗೆ ಪಟ್ಟಿ ಸುತ್ತುತ್ತಿದ್ದರು. ಇಷ್ಟು ವರ್ಷ ದಾಟಿಸದ ಮಾತನ್ನು ಮೊದಲ ಸಲ ದಾಟಿಸಿದಳು.

"ಏಳನೇ ನಂಬರನ್ನ ಒಂದ್ಸಲ ನೋಡಿ ಡಾಕ್ಟರ್. ತಲೆಗೆ ಪೆಟ್ಟು ಬಿದ್ದಿದೆ. ಮಾತು ಸರಿಯಿಲ್ಲ."

"ಈಗ ತಾನೆ ನಿಮ್ಮ ಜೊತೆ ಚೆನ್ನಾಗಿ ಮಾತಾಡ್ತಿದ್ದನಲ್ಲ?"

"ಅದು ಟೀವಿ ಮಾತು."

ಪೆಂಬರ್ಟನ್ ಒಳ್ಳೆಯ ಮನುಷ್ಯ. ಅಸಡ್ಡೆ ಮಾಡಲಿಲ್ಲ. ಮೈರಿಗ್‌ನನ್ನು ಹೊರಗೆ ಕರೆದು ಕಣ್ಣಿಗೆ ಟಾರ್ಚು ಬಿಟ್ಟರು, ಕೇಳಬೇಕಾದ್ದನ್ನು ಕೇಳಿದರು. ಇದು ಯಾವ ಮೈದಾನ? ಈಗ ಎಷ್ಟನೇ ಅರ್ಧ? ಕೊನೆಗೆ ಸ್ಕೋರು ಮಾಡಿದ್ದು ಯಾರು? ಹೋದ ವಾರ ಯಾರ ಮೇಲೆ ಆಡಿದಿರಿ? ಎಲ್ಲ ತಂಡದಲ್ಲೂ ಕೇಳುವುದು ಇವೇ ಪ್ರಶ್ನೆ. ಹುಡುಗರು ಬೂಟು ಕಟ್ಟುವಾಗಲೇ ಉತ್ತರ ಬಾಯಿಪಾಠ ಮಾಡಿಕೊಂಡಿರುತ್ತಾರೆ, ಸ್ಕೋರನ್ನು ಒಬ್ಬರಿಗೊಬ್ಬರು ಕಿವಿಯಲ್ಲಿ ಊದುತ್ತಿರುತ್ತಾರೆ. ಮೈರಿಗ್ ಎಲ್ಲದಕ್ಕೂ ಪಟಪಟನೆ ಹೇಳಿದ. ಆಮೇಲೆ ಮೆಲೆರಿಯ ಕಡೆ ತಿರುಗಿದ. ಆ ನೋಟ ಏನೆಂದು ನಾನು ಬರೆಯುವುದಿಲ್ಲ. ನಂಬಿದವರು ಕೈಬಿಟ್ಟಾಗ ನೀವು ಹೇಗೆ ನೋಡಿದ್ದಿರಿ ಎಂದು ನೆನಪು ಮಾಡಿಕೊಳ್ಳಿ.

"ಸರಿಯಿದ್ದಾನೆ," ಎಂದರು ಡಾಕ್ಟರು. ಕೋಚಿಗೆ ಹೆಬ್ಬೆರಳು ಎತ್ತಿ ತೋರಿಸಿದರು. ಒಳಗೆ ಬೆಂಚುಗಳು ಜರುಗುವ ಸದ್ದು. ಎಲ್ಲರೂ ಎದ್ದರು. ಕಿವಿಯೊಳಗೆ ಎಮ್ರಿಸ್, "ಎಲ್ಲಿ ಹಾಳಾಗೋದೆ ಮೆಲ್? ಟೀಮು ಹೊರಗೆ ಬರ್ತಿದೆ, ಮೇಲೆ ಬಾ!" ಎಂದು ಕಿರುಚುತ್ತಿದ್ದ. ಮೆಲೆರಿ ಕಿವಿಯಿಂದ ಇಯರ್‌ಫೋನು ಕಿತ್ತು ಜೇಬಿಗೆ ಹಾಕಿದಳು.

"ಮೈರಿಗ್," ಎಂದಳು, ವೆಲ್ಷಿನಲ್ಲಿ, ಅವನು ಚಿಕ್ಕವನಿದ್ದಾಗ ಊಟಕ್ಕೆ ಕರೆಯುತ್ತಿದ್ದ ಹಾಗೆ. "ಇಡ್ವಲ್ ಎಲ್ಲೋ ಮರೀ? ನಿಮ್ಮಪ್ಪ ಎಲ್ಲಿದಾನೆ?"

ಅವನ ಮುಖದ ಬಿಗಿ ಸಡಿಲವಾಯಿತು. ಈ ಪ್ರಶ್ನೆ ಬಾಯಿಪಾಠದಲ್ಲಿ ಇರಲಿಲ್ಲ. ನಗುನಗುತ್ತಲೇ ಹೇಳಿದ: "ವ್ಯಾನಲ್ಲೇ ಆಂಟಿ. ರೇಡಿಯೋ ಹಚ್ಕೊಂಡು ಕೂತಿರ್ತಾನೆ ಪುಕ್ಕಲ. ಇನ್ನೆಲ್ಲಿ ಹೋಗ್ತಾನೆ?"

"ಏನಂದ?" ಎಂದರು ಡಾಕ್ಟರು.

(ಓದುಗರೇ, ನೀವು ಕೂಗುತ್ತಿರುವುದು ನನಗೆ ಕೇಳಿಸುತ್ತಿದೆ. ಡಾಕ್ಟರನ್ನು ಪಕ್ಕಕ್ಕೆ ಕರೆದು ಹೇಳಬಾರದಿತ್ತೇ! ಹೌದು, ಹೇಳಬಹುದಿತ್ತು. ಅವಳೂ ದಿನಾ ಅದನ್ನೇ ಕೇಳಿಕೊಳ್ಳುತ್ತಾಳೆ. ಆದರೆ ಒಬ್ಬರು ಒಂದು ಭಾಷೆಯಲ್ಲಿ ಆಡಿದ್ದನ್ನು ಆ ಕ್ಷಣವೇ, ನಿಂತ ಕಾಲಲ್ಲಿ, ಇನ್ನೊಂದರಲ್ಲಿ ಹೇಳುವುದೇ ಅವಳ ಹೊಟ್ಟೆಪಾಡು. ಯಾರಾದರೂ "ಏನಂದ?" ಎಂದರೆ ಅವಳ ಬಾಯಿ ಅವಳನ್ನು ಕಾಯುವುದಿಲ್ಲ.)

"ಅಪ್ಪ ಹೊರಗೆ ವ್ಯಾನಲ್ಲಿ ಕಾಯ್ತಿದಾನೆ ಅಂತಿದಾನೆ," ಎಂದಳು ಇಂಗ್ಲಿಷಿನಲ್ಲಿ, ಪ್ರಸಾರದ ಸ್ಪಷ್ಟ ದನಿಯಲ್ಲಿ. "ಅವನಪ್ಪ ಬದುಕಿಲ್ಲ ಡಾಕ್ಟರ್. ಎರಡು ವರ್ಷದ ಹಿಂದೆ ಮಣ್ಣು ಮಾಡಿದ್ವಿ."

ಪೆಂಬರ್ಟನ್ ಮೈರಿಗ್‌ನ ಭುಜ ಹಿಡಿದರು. ಕೋಚಿಗೆ ಬೇಡ ಎಂದು ತಲೆಯಾಡಿಸಿದರು.

ಮೈರಿಗ್‌ಗೆ ಇಂಗ್ಲಿಷೂ ಬರುತ್ತದೆ. ಮೆಲೆರಿಯಷ್ಟೇ ಚೆನ್ನಾಗಿ ಬರುತ್ತದೆ. ಅದನ್ನು ಅವಳು ಆ ಒಂದು ಗಳಿಗೆ ಮರೆತಿದ್ದಳು.

೭

ಪಂದ್ಯ ಯಾರು ಗೆದ್ದರು? ಪತ್ರಿಕೆಯಲ್ಲಿ ಇರುತ್ತದೆ, ನೋಡಿಕೊಳ್ಳಿ. ಹುಡುಗ ದೇಶಕ್ಕೆ ಆಡಿದನೇ, ತಲೆ ಸರಿಹೋಯಿತೇ, ಆಟಗಾರರು ಮೆಲೆರಿಯ ಮುಂದೆ ಮತ್ತೆ ಬಾಯಿ ಬಿಟ್ಟರೇ? ನನ್ನನ್ನು ಕೇಳಬೇಡಿ. ಬರೆಯಲಾರೆ ಅಂತಲ್ಲ, ಬರೆಯುವುದಿಲ್ಲ. ಕತೆಗೆ ಕೊನೆ ಬೇಕೆಂದು ನನ್ನ ಸಂಪಾದಕರು ಎರಡು ಸಲ ಫೋನು ಮಾಡಿದರು. ಬೇಕಿದ್ದರೆ ಅವರೇ ಬಂದು ಆ ಓಣಿಯಲ್ಲಿ ನಿಲ್ಲಲಿ.

ಯಾಕೆಂದರೆ ತಂಡ ಇವರನ್ನು ದಾಟಿಕೊಂಡು ಮೈದಾನಕ್ಕೆ ಓಡಿಹೋಗಿದೆ, ಹೊರಗೆ ಜನ ಹಾಡಲು ಶುರುಮಾಡಿದ್ದಾರೆ, ಓಣಿಯಲ್ಲಿ ಮೂವರೇ ಉಳಿದಿದ್ದಾರೆ. ಮೈರಿಗ್ ಡಾಕ್ಟರನ್ನು ನೋಡಿದ, ಮೆಲೆರಿಯನ್ನು ನೋಡಿದ. ಅವನ ಮುಖದಲ್ಲಿ ಆ ಸುದ್ದಿ ನಿಧಾನವಾಗಿ, ಮೊಟ್ಟಮೊದಲ ಸಲ ಬಂದ ಹಾಗೆ, ಬರುತ್ತಿತ್ತು.

"ಅಪ್ಪ?" ಎಂದ. "ಯಾವಾಗ, ಆಂಟಿ ಮೆಲ್?"

ದ್ವಿತೀಯಾರ್ಧ ಶುರುವಾಗಲಿ, ಮುಗಿಯಲಿ. ಮೊದಲು ಅವನಿಗೆ ಯಾರಾದರೂ ಉತ್ತರ ಕೊಡಬೇಕು.