ರಣಭೈರವನ ಅಟ್ಟ

ಬಿಳಿಗೆರೆಯಿಂದ ತಿಪಟೂರಿನವರೆಗೆ ಯಾರನ್ನಾದರೂ ಕೇಳಿ, ರಣಭೈರವನಂಥ ವೀರ ಭೂಮಿಯ ಮೇಲೆ ಇನ್ನೊಬ್ಬ ಹುಟ್ಟಿಲ್ಲ ಎನ್ನುತ್ತಾರೆ. ಎನ್ನದಿದ್ದರೆ ಅವರಿಗೆ ಲೋಕಜ್ಞಾನ ಸಾಲದು. ಆ ರಣಭೈರವ ನಾನೇ, ಭಾನುವಾರ ಮಧ್ಯಾಹ್ನ ಮಾತ್ರ. ಉಳಿದ ದಿನ ನಾನು ಸೂರ್ಯಪ್ರಕಾಶ, ತೆಂಗಿನ ತೋಟದವನು. ನನ್ನ ಮರಗಳು ಎಷ್ಟು ಎತ್ತರವೆಂದರೆ ತುದಿಯಿಂದ ಬಿದ್ದ ಕಾಯಿ ನೆಲ ಮುಟ್ಟುವಷ್ಟರಲ್ಲಿ ಅರ್ಧ ಕೊಬ್ಬರಿಯಾಗಿರುತ್ತದೆ.

ಈ ಭಾನುವಾರದ ಆಟವನ್ನು ಊರಿಗೆ ತಂದವಳು ಅಣ್ಣನ ಮಗಳು ಗಾನವಿ, ತಿಪಟೂರಿನ ಕಾಲೇಜಿನಲ್ಲಿ ಗಣಿತ ಹೇಳುವವಳು. ಇದಕ್ಕೆ ಮಣೆಯೂ ಇಲ್ಲ, ಇಸ್ಪೀಟು ಎಲೆಯೂ ಇಲ್ಲ. ಗಾನವಿ ಬಾಯಲ್ಲೇ ಒಂದು ಲೋಕ ಕಟ್ಟುತ್ತಾಳೆ. ನಾವು ಒಬ್ಬೊಬ್ಬರೂ ಅದರೊಳಗೆ ಒಬ್ಬ ಮನುಷ್ಯನಾಗಿ, ಏನೇನು ಮಾಡುತ್ತೇವೆಂದು ಹೇಳುತ್ತಾ ಹೋಗುವುದು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಿ ನಿಯಮದ ಪುಸ್ತಕ ತೆಗೆಯುವುದು. ಪುಸ್ತಕ ಬರೆದವರು ಯಾವುದೋ ಹಿಮ ಬೀಳುವ ದೇಶದವರು. ಅದನ್ನು ಎತ್ತಿದರೆ ಹೋರಿಗೂ ಸೊಂಟ ಹಿಡಿಯುತ್ತದೆ.

ನನ್ನ ಜೊತೆ ಆಡುವವರು ಇಬ್ಬರು. ಆಟೋ ಓಡಿಸುವ ದಯಾನಂದ ಕೋಟೆಯ ಕಾವಲುಗಾರನಾಗುತ್ತಾನೆ, ಪಶು ಆಸ್ಪತ್ರೆಯ ಯೋಗಿತಾ ಕೋಟೆಯ ವೈದ್ಯೆಯಾಗುತ್ತಾಳೆ. ಜಾಗ ನನ್ನ ಪಂಪ್‌ಸೆಟ್ ಮನೆಯ ಜಗುಲಿ. ಎರಡು ವರ್ಷದಿಂದ ಒಂದು ಭಾನುವಾರವೂ ತಪ್ಪಿಸಿಲ್ಲ.

ಕಳೆದ ಭಾನುವಾರಕ್ಕೆ ಶತ್ರುಗಳು ನಮ್ಮ ಕೋಟೆಗೆ ಮುತ್ತಿಗೆ ಹಾಕಿ, ಆಟದ ಲೆಕ್ಕದಲ್ಲಿ ಒಂದು ವರ್ಷವಾಗಿತ್ತು. ಕಣಜದಲ್ಲಿ ರಾಗಿ ಮುಗಿಯಿತು ಎಂದಳು ಗಾನವಿ. ನಾನು ಮೀಸೆಯಲ್ಲೇ ನಕ್ಕೆ.

"ಮುತ್ತಿಗೆ ಶುರುವಾದ ದಿನವೇ ಅಟ್ಟದ ತುಂಬ ಕಾಯಿ ಹಾಕ್ಸಿದ್ದೀನಿ ಕಣವ್ವಾ. ಇಳ್ಸು ಈಗ."

ಅವಳು ಪುಟ ತಿರುಗಿಸಿದಳು. ಮುಖ ಸಪ್ಪಗಾಯಿತು. "ಚಿಕ್ಕಪ್ಪ, ತಿನ್ನೋ ಪದಾರ್ಥ ಯಾವುದಾದ್ರೂ ತಿಂಗಳಿಗೆ ಕೊಳೀತದೆ ಅಂತ ನಿಯಮ ಐತೆ. ಕಾಯಿ ಹೋಯ್ತು. ಹಸಿವಿಗೆ ರಣಭೈರವ ಈ ವಾರ ಸಾಯ್ತಾನೆ."

ಆ ಮಾತಿಗೆ ಚಿಕ್ಕನಾಯಕನಹಳ್ಳಿ ಬೆಟ್ಟಗಳೇ ಒಮ್ಮೆ ಅಲುಗಿದವು. ಎರಡು ವರ್ಷ ಸಾಕಿದ ವೀರ! ಹುಲಿಯನ್ನು ಕಿವಿ ಹಿಡಿದು ಎಳೆದುಕೊಂಡು ಬಂದವನು, ಅಟ್ಟದ ತುಂಬ ಕಾಯಿಟ್ಟುಕೊಂಡು ಹಸಿವಿಗೆ ಸಾಯುವುದೇ?

"ಅಟ್ಟದ ಕಾಯಿ ಕೊಳೀತದಾ? ವರ್ಷ ಬುಟ್ರೆ ಕೊಬ್ಬರಿ ಆಗ್ತದೆ ಕಣೇ! ನೀರೆಲ್ಲ ಇಂಗಿ, ಅಲ್ಲಾಡಿಸಿದ್ರೆ ಗಡಗಡ ಅಂತದೆ. ನಿಮ್ಮಪ್ಪನ ಅಟ್ಟ ನೀನು ನೋಡಿಲ್ವಾ?"

"ನೋಡಿದ್ದೀನಿ. ಅದು ಬಿಳಿಗೆರೆ, ಇದು ಬೇರೆ ಲೋಕ. ಆ ಲೋಕ ಹೆಂಗೆ ನಡೀತದೆ ಅಂತ ಹೇಳೋದೇ ಈ ನಿಯಮ."

"ಹಂಗಾದ್ರೆ ಆ ಲೋಕದಾಗೆ ಕೊಬ್ಬರಿನೇ ಇಲ್ವಾ?" ದಯಾನಂದ ದಿಗಿಲುಬಿದ್ದ. "ಹಬ್ಬಕ್ಕೇನ್ ಮಾಡ್ತಾರಪ್ಪ ಜನ!"

ಯೋಗಿತಾ ಕೇಳಿದಳು: "ಕಾಯಿ ಒಣಗೋಕೆ ಅಟ್ಟದ ಕೆಳಗೆ ಹೊಗೆ ಹಾಕ್ತಿದ್ದೀನಿ ಅಂತ ನೀವು ಹೇಳಿದ್ರಾ?"

"ಅದನ್ನೂ ಹೇಳ್ಬೇಕಾ? ರಣಭೈರವ ಉಸಿರಾಡ್ತಾನೆ ಅಂತ್ಲೂ ನಾನು ಹೇಳಿಲ್ಲ. ಬದುಕಿಲ್ವಾ ಅವನು?" ಎಂದು ಗಾನವಿಯ ಕಡೆ ತಿರುಗಿದೆ. "ನೋಡವ್ವ, ದಯಾನಂದನ ಆಟೋ ಮೀಟರ್ ತೋರಿಸಿದಷ್ಟೇ ದೂರದಲ್ಲಿ ಐತಾ ದಬ್ಬೇಘಟ್ಟ ಊರು?"

"ಮೀಟರ್ ಸುದ್ದಿ ಯಾಕಣ್ಣ ಈಗ?" ಎಂದ ದಯಾನಂದ.

"ದಬ್ಬೇಘಟ್ಟ ಅದರ ಪಾಡಿಗೆ ಅದು ಇರ್ತದೆ. ಮೀಟರ್ ಇರೋದು ನಾವು ಜಗಳ ಆಡ್ದೆ ಇರ್ಲಿ ಅಂತ. ನಿಯಮಾನೂ ಅಷ್ಟೇ. ಲೋಕ ಮೊದ್ಲು, ಪುಸ್ತಕ ಆಮೇಲೆ," ಎಂದೆ ನಾನು.

ಇಂಥ ಮಾತು ಕೇಳಿದರೆ ದೊಡ್ಡ ದೊಡ್ಡ ಪಂಡಿತರು ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಗಾನವಿ ಪುಸ್ತಕ ಮುಚ್ಚಿದಳು. "ಸರಿ, ಒಪ್ಪಿದೆ." ನಾನು ಗೆದ್ದೆನೆಂದು ತೊಡೆ ತಟ್ಟುವಷ್ಟರಲ್ಲಿ ಮುಂದುವರಿಸಿದಳು. "ಹಂಗಾದ್ರೆ ಹೋದ ವಾರ ಕೋಟೆ ತೋಟದಾಗೆ ತೆಂಗಿನ ಮರದ ತುದಿಯಿಂದ ಹಾರಿದ್ರಲ್ಲ, ಅದು?"

ಹಾರಿದ್ದು ನಿಜ. ಮರದಿಂದ ಬಿದ್ದರೆ ಜೀವದ ಅಂಕ ಇಷ್ಟೇ ಇಷ್ಟು ಕಳೆಯಬೇಕೆಂದು ಪುಸ್ತಕದಲ್ಲಿತ್ತು. ರಣಭೈರವನಲ್ಲಿ ಅಂಕ ರಾಶಿ ರಾಶಿ ಇದ್ದವು. ಹಾರಿದ, ಪಂಚೆ ಕೊಡವಿದ, ಊಟಕ್ಕೆ ಹೋದ.

ಜಗುಲಿಯ ಎದುರಿನ ಮರವನ್ನು ಎಲ್ಲರೂ ಕತ್ತೆತ್ತಿ ನೋಡಿದೆವು. ಮರದಿಂದ ಬಿದ್ದವರ ಮನೆಗೆ ಮಾತಾಡಿಸಲು ಹೋಗಿ ಬಂದವರೇ ನಾವೆಲ್ಲ.

"ಪುಸ್ತಕ ಹಿಡಿದ್ರೆ ಹಸಿವಿಗೆ ಸಾವು. ಲೋಕ ಹಿಡಿದ್ರೆ ಮರದಿಂದ ಬಿದ್ದು ಸಾವು," ಎಂದಳು ಗಾನವಿ. "ಅಟ್ಟಕ್ಕೊಂದು ನ್ಯಾಯ, ಮರಕ್ಕೊಂದು ನ್ಯಾಯ ನಾನು ಮಾಡಲ್ಲ. ನೀವೇ ಹೇಳಿ."

ನಾನು ಮೀಸೆ ತಿರುವಿದೆ. ಒಂದು ತುದಿ ಪುಸ್ತಕದ ಕಡೆ ತಿರುಗಿತು, ಇನ್ನೊಂದು ಮರದ ಕಡೆ.

"ತೋಟ ಅಂದ್ಮೇಲೆ ಕೆಳಗೆ ಗರಿ ರಾಶಿ ಇರ್ತದೆ," ಎಂದು ದಯಾನಂದ ಮೆಲ್ಲಗೆ ಹೇಳಿದ. "ಅದನ್ನ ಯಾರೂ ಹೇಳೋದಿಲ್ಲ, ಆದ್ರೆ ಇರ್ತದೆ."

ಗಾನವಿ ಯೋಚಿಸಿದಳು. "ಇರ್ತದೆ. ಜೀವ ಉಳೀತದೆ. ಆದ್ರೆ ಕಾಲು ಉಳಿಯಲ್ಲ, ಎರಡೂ."

"ತಗೋ ಕಾಲು," ಎಂದೆ. "ಕೊಬ್ಬರಿ ಕೊಡು."

"ಕಟ್ಟು ನಾನು ಹಾಕ್ತೀನಿ," ಎಂದಳು ಯೋಗಿತಾ.

"ನೀನು ದನಕ್ಕೆ ಹಾಕೋಳು."

"ರಣಭೈರವಂಗೆ ಅದೇ ಸರಿ, ಬುಡಿ."

ಗಾನವಿ ದಾಳ ಮುಟ್ಟಲಿಲ್ಲ, ಪುಸ್ತಕವನ್ನೂ ತೆರೆಯಲಿಲ್ಲ. ಅಟ್ಟದ ಏಣಿ, ಹೊಗೆ ಹಿಡಿದು ಕಪ್ಪಾದ ತೊಲೆ, ಕೈಗೆ ಹತ್ತುವ ಮಸಿ, ಮೂಲೆಯಲ್ಲಿ ಸರಿದ ಇಲಿ ಎಲ್ಲವನ್ನೂ ಹೇಳುತ್ತಾ ಹೋದಳು. ಕಾವಲುಗಾರ ದಯಾನಂದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಅವಳು ನಾಲಿಗೆಯಿಂದಲೇ ಗಡಗಡ ಎನ್ನಿಸಿದಳು. ನಮ್ಮ ಬಾಯಲ್ಲಿ ನೀರೂರಿತು. ಕೋಟೆಗೆ ಕೋಟೆಯೇ ಕೊಬ್ಬರಿ ಬೆಲ್ಲ ತಿಂದು ತೇಗಿತು. ಆ ತೇಗಿಗೆ ಶತ್ರುಗಳ ಕುದುರೆಗಳು ಬೆದರಿ ಹಗ್ಗ ಹರಿದವು.

ರಣಭೈರವ ಎರಡು ಕಾಲಿಗೂ ಬಿದಿರು ಕಟ್ಟಿಸಿಕೊಂಡು, ದಯಾನಂದನ ಬೆನ್ನೇರಿ ಕೋಟೆಯ ಗೋಡೆಗೆ ಹೊರಟ.

"ಬಲು ಭಾರ ಕಣಣ್ಣ," ಎಂದ ದಯಾನಂದ, ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ.

"ವೀರ ಕಣ್ಲಾ. ಹಗುರ ಇರ್ತಾನಾ? ನಡಿ."