ಜರಿ ಉಟ್ಟ ನೊಣ

ಮಗ್ಗದ ಲಾಳಿಯ ಮೇಲೆ ಕೈಯಿಟ್ಟು, ಮನೆದೇವರು ಚೌಡೇಶ್ವರಿಯ ಆಣೆ ಮಾಡಿ ಹೇಳುವುದೇನೆಂದರೆ, ಇದರಲ್ಲಿ ಒಂದು ಎಳೆಯೂ ಕಲಬೆರಕೆಯಿಲ್ಲ. ಎಲ್ಲ ನಡೆದದ್ದೇ. ಮೀನಿನ ಉದ್ದದ ವಿಷಯದಲ್ಲಿ ಮಾತ್ರ ಒಂದು ಗೇಣು ಆಚೀಚೆ ಆಗಿರಬಹುದು. ಅದು ಹೇಳುವವರ ತಪ್ಪಲ್ಲ, ಆ ಮೀನು ಇವತ್ತಿಗೂ ವರ್ಷಕ್ಕಿಷ್ಟು ಅಂತ ಬೆಳೆಯುತ್ತಲೇ ಇದೆ.

ಆಗ ತೊಂಬತ್ತೊಂದನೇ ಇಸವಿ. ದೊಡ್ಡಬಳ್ಳಾಪುರದಲ್ಲಿ ಕರೆಂಟ್ ಇದ್ದಷ್ಟು ಹೊತ್ತೂ ಮಗ್ಗದ ಸದ್ದು. ಕರೆಂಟ್ ಹೋಯಿತೋ, ಊರಿಗೆ ಊರೇ ಉಸಿರು ಬಿಗಿಹಿಡಿದಂತೆ ಸುಮ್ಮನಾಗಿಬಿಡುತ್ತಿತ್ತು. ಅಂಥ ಹೊತ್ತಿನಲ್ಲಿ ಮೂರನೇ ಬೀದಿಯ ಒಗ್ಗರಣೆ ಮೊದಲನೇ ಬೀದಿಗೆ ಕೇಳಿಸುತ್ತಿತ್ತು. ಗಂಡಸರೆಲ್ಲ ಜಗಲಿಗೆ ಬಂದು, ಇಷ್ಟು ಹೊತ್ತು ಕೂಗಿ ಕೂಗಿ ಆಡುತ್ತಿದ್ದ ಮಾತನ್ನು ಮೆಲ್ಲಗೆ ಆಡಲು ಹೋಗಿ, ಅಭ್ಯಾಸವಿಲ್ಲದೆ ಮತ್ತೆ ಕೂಗುತ್ತಿದ್ದರು.

ವೇಣುಗೋಪಾಲನ ಮನೆಯಲ್ಲಿ ಎರಡು ಪವರ್‌ಲೂಮ್. ಒಂದು ಅವನದು, ಇನ್ನೊಂದು ಅವನ ತಾಯಿ ಶಕುಂತಲಮ್ಮನದು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ವೇಣುವಿಗೆ ಇಪ್ಪತ್ತಾರು. ಕರೆಂಟ್ ಹೋದಾಗ ಮನೆಯಲ್ಲೇ ಕೂತರೆ ತಾಯಿ ಹೆಣ್ಣಿನ ಮಾತು ತೆಗೆಯುತ್ತಾಳೆ ಅಂತ ಸೈಕಲ್ ಹತ್ತಿ ಊರಾಚೆಯ ಕೆರೆಗೆ ಓಡುತ್ತಿದ್ದ. ಕೆರೆ ಏರಿಯ ಮೇಲೆ ಕೂತರೆ ಒಂದು ಅನುಕೂಲವಿತ್ತು. ಕರೆಂಟ್ ಬಂದದ್ದು ಅಲ್ಲಿಗೇ ತಿಳಿಯುತ್ತಿತ್ತು. ಊರಿನ ಮಗ್ಗಗಳೆಲ್ಲ ಒಟ್ಟಿಗೆ ಖಟಪಟ ಶುರುಮಾಡಿದರೆ ಕೆರೆಯ ನೀರು ಬಿಸಿ ಹಾಲಿನ ಕೆನೆಯ ಹಾಗೆ ಸುಕ್ಕಾಗುತ್ತಿತ್ತು, ಕಪ್ಪೆಗಳು ತಾಳ ತಪ್ಪಿ ಹಾಡು ನಿಲ್ಲಿಸುತ್ತಿದ್ದವು.

ಅಲ್ಲೇ ಅವನು ಒಂದು ಸಂಜೆ ದೊಡ್ಡವೆಂಕಟಪ್ಪನನ್ನು ನೋಡಿದ್ದು.

ಕೆರೆಯಾಚೆಯ ಹಳ್ಳಿಯ ಮುದುಕ. ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಕೈಯಲ್ಲಿ ಜೇನುತುಪ್ಪದ ಬಣ್ಣದ ಸಣ್ಣನೆ ಬಿದಿರು ಕೋಲು. ಅದನ್ನು ಎತ್ತಿದರೆ ದಾರ ತಲೆಯ ಹಿಂದಕ್ಕೆ ಹೋಗಿ, ಗಾಳಿಯಲ್ಲಿ ಉದ್ದಕ್ಕೆ ಮಲಗಿ, ಆಮೇಲೆ ನೆನಪಾದಂತೆ ಮುಂದಕ್ಕೆ ಬಂದು ನೀರಿನ ಮೇಲೆ ಸದ್ದಿಲ್ಲದೆ ಇಳಿಯುತ್ತಿತ್ತು. ತುದಿಯಲ್ಲಿ ಎರೆಹುಳವಿಲ್ಲ, ರಾಗಿಹಿಟ್ಟಿನ ಉಂಡೆಯಿಲ್ಲ. ಗಾಳಕ್ಕೆ ಸುತ್ತಿದ ಒಂದಿಷ್ಟು ದಾರ, ಒಂದು ಗರಿ. ದೂರದಿಂದ ನೋಡಿದರೆ ನೊಣ.

ವೇಣು ಹತ್ತಿರ ಹೋಗಿ, ಹುಳವೇ ಇಲ್ಲದೆ ಯಾವ ಮೀನು ಬರುತ್ತೆ ಅಂತ ಕೇಳಿದ. ಮುದುಕ ತಿರುಗಿ ನೋಡಲಿಲ್ಲ.

"ಎರೆಹುಳ ಹಾಕ್ಕೊಂಡ್ ಕೂತ್ಕೊಳ್ಳೋದು ಮೀನಿಗೆ ಊಟಕ್ ಇಕ್ಕೋದು ಕಣಪ್ಪಾ. ಇದು ಹಂಗಲ್ಲ. ಇದು ಮೀನಿಗೆ ಸುಳ್ಳು ಹೇಳೋದು."

ಸೀರೆಯ ಬಣ್ಣ ಹೋಗುವುದಿಲ್ಲ ಅಂತ ವ್ಯಾಪಾರಿಗಳ ಮುಂದೆ ಹೇಳಿ ಹೇಳಿ ವೇಣುವಿಗೂ ಆ ವಿದ್ಯೆಯಲ್ಲಿ ಸ್ವಲ್ಪ ಕೈಪಳಗಿತ್ತು. ಅವತ್ತು ಕರೆಂಟ್ ಬಂದು ಮಗ್ಗದ ಸದ್ದು ಎದ್ದರೂ ಅವನು ಏಳಲಿಲ್ಲ.

ದೊಡ್ಡವೆಂಕಟಪ್ಪ ಹರೆಯದಲ್ಲಿ ನೀಲಗಿರಿಯ ಒಂದು ಟೀ ತೋಟದಲ್ಲಿ ದೊರೆಯೊಬ್ಬನಿಗೆ ಅಡುಗೆಯವನಾಗಿದ್ದನಂತೆ. ದೊರೆ ಬೆಟ್ಟದ ಹೊಳೆಯಲ್ಲಿ ಹೀಗೆ ಮೀನು ಹಿಡಿಯುತ್ತಿದ್ದ, ಅಡುಗೆಯವನಿಗೂ ಕಲಿಸಿದ. ತನ್ನ ದೇಶಕ್ಕೆ ಹೊರಟಾಗ ಈ ಕೋಲನ್ನು ಕೈಗಿಟ್ಟು, ಬಲ್ಲವನ ಕೈಯಲ್ಲೇ ಇರಲಿ ಅಂದು ಹೋದನಂತೆ. ನಲವತ್ತು ವರ್ಷ ಅದು ಬಲ್ಲವನ ಕೈಯಲ್ಲೇ ಇತ್ತು. ಈಗ ಆ ಬಲ್ಲವನ ಭುಜ ನೋಯುತ್ತಿತ್ತು, ಕೈ ಕಿವಿಯ ಮೇಲಕ್ಕೆ ಏಳುತ್ತಿರಲಿಲ್ಲ. ಮಕ್ಕಳಿಲ್ಲ. ತಮ್ಮನ ಮಗ ಮುನಿಸ್ವಾಮಿಗೆ ಒಂದೂವರೆ ಎಕರೆ ದ್ರಾಕ್ಷಿ ತೋಟ. ಹಣ್ಣು ಬಣ್ಣ ತಿರುಗಿದರೆ ಹಕ್ಕಿ ಕಾಟ. ಈ ಕೋಲಿನ ತುದಿಗೆ ಖಾಲಿ ಡಬ್ಬ ಕಟ್ಟಿ ತೋಟದ ನಡುವೆ ನೆಟ್ಟರೆ, ಬಳುಕಿ ಬಳುಕಿ ಚೆನ್ನಾಗಿ ಹಕ್ಕಿ ಓಡಿಸುತ್ತೆ ಅಂತ ಅವನ ಲೆಕ್ಕ. ಸುಮ್ಮನೆ ಮೂಲೆಗಿಡುವ ಬದಲು ಕೊಡು ಅಂತ ದಿನಾ ಕೇಳುತ್ತಿದ್ದ.

ಮುದುಕ ಕೊನೆಗೆ ವೇಣುವಿಗೆ ಒಂದು ಮಾತು ಕೊಟ್ಟ. ಶಿವರಾತ್ರಿಯೊಳಗೆ, ತಾನೇ ಕಟ್ಟಿದ ನೊಣದಲ್ಲಿ ಒಂದೇ ಒಂದು ಮೀನು ಹಿಡಿದರೆ ಕೋಲು ವೇಣುವಿಗೆ. ಇಲ್ಲದಿದ್ದರೆ ಡಬ್ಬ ಕಟ್ಟಿಸಿಕೊಂಡು ದ್ರಾಕ್ಷಿ ತೋಟಕ್ಕೆ. ಶಿವರಾತ್ರಿಗೆ ಇನ್ನು ಸರಿಯಾಗಿ ಒಂದು ತಿಂಗಳಿತ್ತು.

ದೊರೆಯ ಕಾಲದ ದಾರ ಗೆದ್ದಲು ಹಿಡಿದಂತೆ ಪುಡಿಯಾಗುತ್ತಿತ್ತು. ಅದು ರೇಷ್ಮೆ ದಾರ. ರೇಷ್ಮೆ ಅಂದರೆ ವೇಣುವಿನ ಮನೆಯ ಮಾತು. ಮದುವೆ ಸೀರೆಗೆ ಬಂದ ರೇಷ್ಮೆಯಲ್ಲಿ ಮಿಕ್ಕಿದ್ದನ್ನು ಹುರಿಮಾಡಿ, ಜೇನುಮೇಣ ಹಚ್ಚಿ, ಅರವತ್ತಡಿ ಹೊಸ ದಾರ ಮಾಡಿದ. ಆನೆ ಕಟ್ಟಿದರೂ ಕಿತ್ತುಹೋಗುತ್ತಿರಲಿಲ್ಲ. ಆನೆ ಸಿಗದ ಕಾರಣ ಪಕ್ಕದ ಮನೆಯ ಎಮ್ಮೆ ಕಟ್ಟಿ ನೋಡಿದ, ಎಮ್ಮೆ ಮಿಸುಕಲಿಲ್ಲ.

ಇನ್ನು ನೊಣ. ಅದನ್ನು ಕಟ್ಟಲು ಕೂತಾಗ ವೇಣುವಿನೊಳಗಿನ ನೇಕಾರ ಎದ್ದು ಕೂತ. ಒಡಲಿಗೆ ಕೆಂಪು ರೇಷ್ಮೆ, ಅಂಚಿಗೆ ಹಸಿರು, ಸೊಂಟಕ್ಕೆ ಜರಿ, ಬಾಲಕ್ಕೆ ಸೆರಗಿನ ಹಾಗೆ ಮೂರು ಎಳೆ ಕುಚ್ಚು. ಹುಂಜದ ಗರಿಯ ಎರಡು ರೆಕ್ಕೆ. ಹನ್ನೆರಡು ನೊಣ, ಒಂದರ ಹಾಗೆ ಇನ್ನೊಂದಿಲ್ಲ. ಬಿಸಿಲಿಗೆ ಹಿಡಿದರೆ ಕಣ್ಣು ಕೋರೈಸಿ ಬೀದಿಯ ನಾಯಿ ಮುಖ ತಿರುಗಿಸಿತು.

ದೊಡ್ಡವೆಂಕಟಪ್ಪ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ಸೊಗಸಾಗೈತೆ ಕಣಪ್ಪಾ. ಆದ್ರೆ ಇದನ್ನ ಮೀನು ತಿನ್ನಲ್ಲ. ಉಟ್ಕೊಳ್ತದೆ."

ಅದು ನಿಜವೂ ಆಯಿತು. ನೊಣ ನೀರಿಗೆ ಬಿದ್ದ ಕೂಡಲೇ ಸಣ್ಣ ಮೀನುಗಳು ಸುತ್ತ ನೆರೆದವು. ಒಂದು ಮುಂದೆ ಬಂದು ಅಂಚು ನೋಡಿತು, ಇನ್ನೊಂದು ಸೆರಗು ತಿರುವಿ ನೋಡಿತು, ಆಮೇಲೆ ಎಲ್ಲವೂ ರೇಟು ಜಾಸ್ತಿ ಅಂದುಕೊಂಡವರ ಹಾಗೆ ಹೊರಟುಹೋದವು. ಸುಳ್ಳು ಹೇಳುವಾಗ ಮೈತುಂಬ ಒಡವೆ ಹಾಕಬಾರದು ಅಂತ ಮುದುಕ ತಿಳಿಹೇಳಿದ. ವೇಣು ಮಗ್ಗದ ಕೆಳಗೆ ಗುಡಿಸಿ ಬಿಸಾಡುವ ಬೂದಿ ಬಣ್ಣದ ಚಿಂದಿ ನೂಲು ಹೆಕ್ಕಿ, ಹುಂಜದ ಕತ್ತಿನ ಕಂದು ಗರಿ ಸುತ್ತಿ, ಬೀದಿದೀಪದ ಕೆಳಗೆ ಬಿದ್ದ ಬಡ ಹುಳದಂಥ ನೊಣ ಒಂದಷ್ಟು ಕಟ್ಟಿದ. ಜರಿ ಉಟ್ಟ ಹನ್ನೆರಡನ್ನು ಡಬ್ಬಿಯಲ್ಲಿ ಮುಚ್ಚಿಟ್ಟ.

ನೊಣ ಸರಿಹೋಯಿತು, ಕೈ ಸರಿಹೋಗಲಿಲ್ಲ. ವೇಣು ಕೋಲು ಬೀಸಿದರೆ ದಾರ ಗಾಳಿಯಲ್ಲಿ ಚಾಟಿಯಂತೆ ಚಟೀರ್ ಅನ್ನುತ್ತಿತ್ತು. ಆ ಹೊಡೆತಕ್ಕೆ ನೊಣ ಕಿತ್ತುಹೋಗಿ, ಒಂದು ಸಲ ಹುಣಿಸೆಮರಕ್ಕೆ, ಒಂದು ಸಲ ಮುನಿಸ್ವಾಮಿಯ ಟವಲಿಗೆ, ಇನ್ನೊಂದು ಸಲ ಹಾರುತ್ತಿದ್ದ ಬೆಳ್ಳಕ್ಕಿಯ ಕಾಲಿಗೆ ಸಿಕ್ಕಿಕೊಂಡಿತು. ಆ ಬೆಳ್ಳಕ್ಕಿ ಮೂರು ದಿನ ಹೆಜ್ಜೇನು ಕಡಿದಂತೆ ಕುಣಿಯುತ್ತಿತ್ತು ಅಂತ ನಂದಗುಡಿಯಿಂದ ಬಂದ ನೆಂಟರು ಕಣ್ಣಾರೆ ನೋಡಿ ಹೇಳಿದ್ದಾರೆ.

ಮುದುಕ ಪ್ರತಿ ಸಲವೂ ಹೇಳುತ್ತಿದ್ದದ್ದು ಒಂದೇ ಮಾತು. ತಡಿ. ದಾರ ಹಿಂದೆ ಹೋದಮೇಲೆ ತಡಿ. ಎಷ್ಟು ಹೊತ್ತು ತಡೆಯಬೇಕು ಅಂತ ವೇಣು ಕೇಳಿದರೆ ಮಾತ್ರ ಅವನು ತಲೆ ಕೆರೆದುಕೊಳ್ಳುತ್ತಿದ್ದ. ದೊರೆ ಒಂದು ಇಂಗ್ಲಿಷ್ ಮಾತು ಹೇಳಿಕೊಟ್ಟಿದ್ದನಂತೆ. ಅದನ್ನು ಬಾಯಲ್ಲಿ ಅಂದು ಮುಗಿಸುವಷ್ಟು ಹೊತ್ತು ತಡೆದರೆ ಸರಿಹೋಗುತ್ತಿತ್ತಂತೆ. ನಲವತ್ತು ವರ್ಷದಲ್ಲಿ ಕೈಗೆ ನೆನಪು ಉಳಿಯಿತು, ಬಾಯಿಗೆ ಮಾತು ಮರೆತುಹೋಯಿತು. ವೇಣು ತನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಹೇಳಿ ನೋಡಿದ. ಫ್ಯೂಸ್ ಅಂದರೆ ಸಾಲುತ್ತಿರಲಿಲ್ಲ, ಟ್ರಾನ್ಸ್‌ಫಾರ್ಮರ್ ಅಂದರೆ ದಾರ ಬಂದು ಕತ್ತಿಗೆ ಸುತ್ತಿಕೊಳ್ಳುತ್ತಿತ್ತು.

ಹೀಗೆ ಶಿವರಾತ್ರಿಯ ಹಿಂದಿನ ದಿನ ಬಂದೇಬಿಟ್ಟಿತು.

ದಿನಾ ಕೈಕೊಡುವ ಕರೆಂಟ್ ಅವತ್ತು ಬೆಳಗಿಂದ ಒಂದು ಸಲವೂ ಹೋಗಲಿಲ್ಲ. ನಾಲ್ಕು ಗಂಟೆಯಾಯಿತು, ನಾಲ್ಕೂವರೆ ಆಯಿತು. ಬಲ್ಬು ನೋಡಿ ನೋಡಿ ಸಾಕಾಗಿ ವೇಣು ಓಡುತ್ತಿದ್ದ ಮಗ್ಗವನ್ನು ತಾನೇ ಆಫ್ ಮಾಡಿ ಸೈಕಲ್ ಹತ್ತಿದ. ಆ ಬೀದಿಯಲ್ಲಿ ಕರೆಂಟ್ ಇರುವಾಗ ಮಗ್ಗ ನಿಲ್ಲಿಸಿ ಎದ್ದುಹೋದವನು ಅವನೊಬ್ಬನೇ. ಸದ್ದು ಕಡಿಮೆಯಾದದ್ದಕ್ಕೆ ಯಾರಿಗೆ ಏನಾಯಿತೋ ಅಂತ ಅಕ್ಕಪಕ್ಕದವರು ಹೊರಗೆ ಬಂದರು. ಶಕುಂತಲಮ್ಮ ಬಾಗಿಲು ಎಳೆದುಕೊಂಡು, ಮಗನಿಗೆ ಹೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತಾ ಕೆರೆಯ ಕಡೆ ನಡೆದಳು.

ಏರಿಯ ಮೇಲೆ ಮುನಿಸ್ವಾಮಿ ಆಗಲೇ ಹಾಜರಿದ್ದ. ಕಂಕುಳಲ್ಲಿ ಎರಡು ಖಾಲಿ ಡಬ್ಬ, ಒಂದು ಸುತ್ತು ತಂತಿ.

"ಆರಾಮಾಗ್ ಬೀಸು ಗುರು," ಅಂದ. "ಹೊತ್ತು ಮುಳುಗ್ದ್ ಮೇಲೆ ಒಯ್ತೀನಿ. ನಂಗೇನ್ ಅರ್ಜೆಂಟಿಲ್ಲ."

ದೊಡ್ಡವೆಂಕಟಪ್ಪ ಕಲ್ಲಿನ ಮೇಲೆ ಕೂತಿದ್ದ. ಕೋಲಿನ ಕಡೆಗೆ ನೋಡುತ್ತಿರಲಿಲ್ಲ. ನೋಡದೆ ಇರುವುದಕ್ಕೆ ಅವನು ಪಡುತ್ತಿದ್ದ ಕಷ್ಟ ವೇಣುವಿಗೆ ಕಾಣುತ್ತಿತ್ತು, ಅದರಿಂದ ಕೈ ಇನ್ನೂ ಅವಸರ ಮಾಡಿತು. ಊರಿನ ಮಗ್ಗಗಳು ಖಟಪಟ ಖಟಪಟ ಅಂದರೆ ಅವನ ತೋಳೂ ಖಟಪಟ ಅನ್ನುತ್ತಿತ್ತು. ಚಟೀರ್, ಒಂದು ನೊಣ ಹೋಯಿತು. ಚಟೀರ್, ಇನ್ನೊಂದು. ಡಬ್ಬಿಯಲ್ಲಿ ಬೂದಿ ಬಣ್ಣದ್ದು ಒಂದೇ ಉಳಿಯಿತು. ಬೆಟ್ಟದ ಹಿಂದೆ ಸೂರ್ಯ ಅರ್ಧ ಇಳಿದಿದ್ದ.

ಅಷ್ಟರಲ್ಲಿ ಶಕುಂತಲಮ್ಮ ಬಂದು ನಿಂತಳು. ಜೋಡಿಸಿಕೊಂಡು ಬಂದದ್ದೆಲ್ಲ ಮರೆತು ಮಗನ ತೋಳನ್ನೇ ನೋಡುತ್ತಿದ್ದಳು.

"ನಿಲ್ಸೋ," ಅಂದಳು. "ಲಾಳಿ ಆ ಕಡೆ ಮುಟ್ಟೋಕ್ ಮುಂಚೇನೇ ಹಲಗೆ ಬಡೀತಿದ್ಯಲ್ಲೋ. ನಿಮ್ಮಪ್ಪ ನೋಡಿದ್ರೆ ಕೈಮೇಲೆ ಕೊಡ್ತಿದ್ರು."

ಮೋಟಾರು ಮಗ್ಗ ಮನೆಗೆ ಬರುವ ಮುಂಚೆ ಅವಳು ಇಪ್ಪತ್ತು ವರ್ಷ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವಳು. ಅಲ್ಲಿ ಕೈಯಿಂದ ಹಗ್ಗ ಎಳೆದರೆ ಲಾಳಿ ಈ ಕಡೆಯಿಂದ ಹೊರಡುತ್ತೆ. ಅದು ಆ ಕಡೆಯ ಗೂಡು ಮುಟ್ಟುವ ತನಕ ಉಸಿರು ಹಿಡಿಯಬೇಕು, ಮುಟ್ಟಿದ ಮೇಲೆ ಹಲಗೆ ಎಳೆದು ಬಡಿಯಬೇಕು. ಮುಂಚೆ ಬಡಿದರೆ ಎಳೆ ಹರಿಯುತ್ತೆ. ತಡಮಾಡಿದರೆ ನೇಯ್ಗೆ ಸಡಿಲವಾಗುತ್ತೆ. ಮೋಟಾರು ಮಗ್ಗಕ್ಕೆ ಈ ಕಾಯುವ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುತ್ತೆ, ಆಳು ಕಾಯುವುದನ್ನು ಮರೆಯುತ್ತಾನೆ. ವೇಣು ಹುಟ್ಟಿ ತೊಟ್ಟಿಲಲ್ಲಿದ್ದಾಗ ಮನೆಯಲ್ಲಿದ್ದದ್ದು ಆ ಹಳೇ ಸದ್ದೇ. ಅದನ್ನು ಕೇಳಿಯೇ ಅವನು ನಿದ್ದೆ ಹೋಗುತ್ತಿದ್ದ.

ಅವಳು ಸೆರಗು ಸಿಕ್ಕಿಸಿ ಅವನ ಹಿಂದೆ ನಿಂತಳು. ಕೊನೆಯ ನೊಣ ಕಟ್ಟಿದ್ದಾಗಿತ್ತು.

"ಎಳಿ," ಅಂದಳು. ದಾರ ಹಿಂದಕ್ಕೆ ಹೋಯಿತು. "ಮುಟ್ಲಿ." ದಾರ ಅವಳ ತಲೆಯ ಮೇಲೆ ಉದ್ದಕ್ಕೆ ಮಲಗಿತು. "ಬಡಿ."

ಮುಂದಕ್ಕೆ ಬಂದ ದಾರ ಚಟೀರ್ ಅನ್ನಲಿಲ್ಲ. ಅದು ಹೊಸ ಸೀರೆಯ ಮಡಿಕೆ ಬಿಚ್ಚಿದ ಹಾಗೆ ನೀರಿನ ಮೇಲೆ ಬಿಚ್ಚಿಕೊಂಡಿತು. ತುದಿಯಲ್ಲಿ ಆ ಬಡ ಹುಳ ಮೆಲ್ಲಗೆ ಕೂತಿತು. ದೊಡ್ಡವೆಂಕಟಪ್ಪ ಕಲ್ಲಿನಿಂದ ಎದ್ದು ನಿಂತಿದ್ದ.

"ಅದೇ ಕಣಮ್ಮ ಅದು," ಅಂದ. "ದೊರೆ ಹೇಳ್ತಿದ್ದದ್ದೂ ಅಷ್ಟೇ ಉದ್ದದ್ ಮಾತು."

ಆಗ ಜೊಂಡಿನ ಕೆಳಗಿಂದ ಕೆರೆಯ ತಳವೇ ಎದ್ದು ಬಂದಂತಾಯಿತು. ಕೊರಮೀನು. ಬಾಯಿ ಸೇರಿನಷ್ಟು, ಮೈ ಮಗ್ಗದಲ್ಲಿ ಸೀರೆ ಸುತ್ತುವ ಕುಂಟೆಯಷ್ಟು. ಅದು ನೊಣ ನುಂಗಿ ತಿರುಗಿದ್ದೇ ತಡ, ಕೋಲಿನ ಬುಡದಲ್ಲಿ ದಾರ ಸುತ್ತಿಟ್ಟ ರಾಟೆ ಕಿರುಚಿತು, ಅರವತ್ತಡಿ ದಾರ ಉಸಿರಾಡುವಷ್ಟರಲ್ಲಿ ಖಾಲಿ. ವೇಣು ಸೊಂಟದ ತನಕ ನೀರಿಗೆ ಹೋದ. ಶಕುಂತಲಮ್ಮ ಅವನ ಅಂಗಿ ಹಿಡಿದಳು. ಮುನಿಸ್ವಾಮಿ ಡಬ್ಬ ಬಿಸಾಡಿ ಶಕುಂತಲಮ್ಮನ ಮುಂದೆ ಹೋಗಿ ವೇಣುವಿನ ನಡು ತಬ್ಬಿಕೊಂಡ. ಮೂವರನ್ನೂ ಆ ಮೀನು ಕೆರೆಯಂಚಿನಲ್ಲಿ ಒಂದು ಸುತ್ತು ನಡೆಸಿತು. ಅದು ಮಗುಚಿದಾಗೆಲ್ಲ ನೀರು ಏರಿಗೆ ಚೆಲ್ಲಿ, ಮಾರನೇ ದಿನ ನೋಡಿದವರ ಪ್ರಕಾರ ಕೆರೆ ಎರಡು ಬೆರಳು ಇಳಿದಿತ್ತು. ಮದುವೆ ಸೀರೆಯ ರೇಷ್ಮೆ ಮಾತ್ರ ಹರಿಯಲಿಲ್ಲ.

ದಡಕ್ಕೆ ಬಂದಾಗ ಕತ್ತಲು ಕವಿಯುತ್ತಿತ್ತು. ಮುನಿಸ್ವಾಮಿ ಆಗಲೇ ಸಾರಿಗೆ ಮಸಾಲೆ ಯಾರ ಮನೆಯಲ್ಲಿ ಅರೆಯುವುದು ಅಂತ ಯೋಚಿಸುತ್ತಿದ್ದ. ಶಕುಂತಲಮ್ಮ ಎಲ್ಲರನ್ನೂ ನೋಡಿ, ಬೆಳಗಾದರೆ ಶಿವರಾತ್ರಿ, ಮನೆ ಸಾರಿಸಿ ಆಗಿದೆ, ಮೀನು ಹೊಸಿಲು ದಾಟುವ ಹಾಗಿಲ್ಲ ಅಂದುಬಿಟ್ಟಳು. ದೊಡ್ಡವೆಂಕಟಪ್ಪ ಬಗ್ಗಿ ನೊಣವನ್ನು ಬಿಡಿಸಿಕೊಂಡು, ಮೀನನ್ನು ಎರಡೂ ಕೈಯಲ್ಲಿ ನೀರಿಗೆ ಇಳಿಸಿದ. ಅದು ಹೋಗುವ ಮುಂಚೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಅದಕ್ಕೇ ಆ ಮೀನಿಗೆ ಸಾಕ್ಷಿಯಿಲ್ಲ.

ಮುದುಕ ಕೋಲನ್ನು ವೇಣುವಿನ ಕೈಗೆ ಕೊಟ್ಟ. ಭುಜ ಒತ್ತಿಕೊಳ್ಳುತ್ತಾ ಏರಿ ಹತ್ತಿದ. ಮುನಿಸ್ವಾಮಿಗೆ ವೇಣು ಜರಿ ಉಟ್ಟ ಹನ್ನೆರಡು ನೊಣವನ್ನೂ ಕೊಟ್ಟ. ದ್ರಾಕ್ಷಿ ಚಪ್ಪರಕ್ಕೆ ತೂಗಿಬಿಟ್ಟರೆ ಅವು ಬಿಸಿಲಿಗೆ ಮಿಂಚಿ, ಆ ವರ್ಷ ಒಂದು ಗುಬ್ಬಿಯೂ ಹತ್ತಿರ ಸುಳಿಯಲಿಲ್ಲ. ಹೆದರಿ ಅಲ್ಲ. ಅಷ್ಟು ಒಳ್ಳೆ ಬಟ್ಟೆ ಉಟ್ಟವರ ನಡುವೆ ಹಳೇ ರೆಕ್ಕೆಯಲ್ಲಿ ಬರಲು ನಾಚಿಕೆ.

ಈಗ ದೊಡ್ಡವೆಂಕಟಪ್ಪ ಇಲ್ಲ. ಶಕುಂತಲಮ್ಮ ಮಗ್ಗದಿಂದ ಎದ್ದಿದ್ದಾಳೆ, ಆದರೆ ಸೊಸೆ ಸಾರಿಗೆ ಒಗ್ಗರಣೆ ಹಾಕುವಾಗಲೂ "ಮುಟ್ಲಿ" ಅನ್ನುತ್ತಾಳೆ. ವೇಣು ಸಂಜೆಯ ಹೊತ್ತು ಏರಿಯ ಮೇಲೆ ನಿಂತು ದಾರ ಹಿಂದಕ್ಕೆ ಬಿಟ್ಟು ತಡೆಯುತ್ತಾನೆ. ಆ ತಡೆದ ಹೊತ್ತಿನಲ್ಲಿ, ಊರಿನ ಮಗ್ಗಗಳ ಸದ್ದಿನ ಕೆಳಗೆ, ತೊಟ್ಟಿಲಲ್ಲಿ ಕೇಳಿದ ಸದ್ದು ಅವನಿಗೆ ಕೇಳಿಸುತ್ತೆ. ಎಷ್ಟೋ ಸಲ ಅದನ್ನು ಕೇಳುತ್ತಾ ಮುಂದಕ್ಕೆ ಬಡಿಯುವುದನ್ನೇ ಮರೆತು, ದಾರ ಹುಣಿಸೆಮರದ ಪಾಲಾಗುತ್ತೆ.

ಇದರಿಂದ ನೊಣಗಳು ಬೇಗ ಖರ್ಚಾಗುತ್ತಿವೆ, ಅದೊಂದೇ ತೊಂದರೆ. ನಿಮ್ಮ ಹಿತ್ತಲಲ್ಲಿ ಬೆಳಗಿಂದ ಕೂಗುತ್ತಿದೆಯಲ್ಲ ಆ ಕಂದು ಹುಂಜ, ಅದರ ಕತ್ತಿನ ಗರಿಯ ಬಣ್ಣ ಹೇಳಿ ಮಾಡಿಸಿದ ಹಾಗಿದೆ. ಎರಡೇ ಎರಡು ಗರಿ ಸಾಕು. ಆದರೆ ಎರಡು ಗರಿ ಕಿತ್ತ ಹುಂಜ ಓಣಿಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ? ಅದರ ಮಾನ ಉಳಿಯಬೇಕಾದರೆ ಇಡೀ ಹುಂಜವನ್ನೇ ಕಳಿಸಿಕೊಡಿ. ಈ ಸಲ ಶಿವರಾತ್ರಿ ಇನ್ನೂ ದೂರವಿದೆ.